ಎದುರುಮನೆ ಟೀಚರ್ ಅಳಿಸಿದ ಸಿ.ಡಿ.ಗಳು

ಎದುರುಮನೆ ಟೀಚರ್ ಸಿ.ಡಿ.ಯನ್ನು ಎಂದೂ ಅಂಗೈಯಲ್ಲಿ ಹಿಡಿದವರಲ್ಲ. ನಡುವಿನ ತೂತಿಗೆ ತೋರುಬೆರಳು ತೂರಿಸಿ, ಅಂಚಿಗೆ ಹೆಬ್ಬೆರಳು ಆನಿಸಿ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಿದ್ದರು. ಆಗ ಅವರ ಗದ್ದ, ಕನ್ನಡಕ, ಹಣೆಯ ವಿಭೂತಿಯ ಮೇಲೆ ಬಣ್ಣದ ಒಂದು ಪಟ್ಟೆ ಮೆಲ್ಲಗೆ ಹಾದುಹೋಗುತ್ತಿತ್ತು. ಹಸಿರು, ನೇರಳೆ, ಮತ್ತೆ ಹಸಿರು. ಗೀರು ಬಿದ್ದಿದೆಯೇ ಎಂದು ನೋಡಲು ಅವರು ಹಾಗೆ ಮಾಡುತ್ತಿದ್ದದ್ದು. ನನಗೆ ಮಾತ್ರ ಅವರು ನೀರಿನೊಳಗೆ ನಿಂತಿದ್ದಾರೆ, ನಾನು ದಡದಲ್ಲಿದ್ದೇನೆ ಅನ್ನಿಸುತ್ತಿತ್ತು.

ನಾನು ಜಗಳೂರಿನವಳು. ಬಿ.ಎ. ಅರ್ಧಕ್ಕೆ ಬಿಟ್ಟು, ಮದುವೆಯಾಗಿ ಹೊನ್ನಾಳಿಗೆ ಬಂದಿದ್ದೆ. ನಮ್ಮವರು ಬೆಳಿಗ್ಗೆ ಗೊಬ್ಬರದ ಅಂಗಡಿಗೆ ಹೋದರೆ ಸಂಜೆಯೇ ಬರುವುದು. ಅತ್ತೆ ಮಧ್ಯಾಹ್ನ ಉಂಡು ಮಲಗಿದರೆ ಮನೆ ನಿಶ್ಶಬ್ದ. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಒಣ ಸೀಮೆಯಲ್ಲಿ ಬೆಳೆದ ನನಗೆ ಆ ಗಾಳಿಯ ತಂಪೇ ಒಂದು ಬಗೆಯ ಮಂಪರು. ಆ ಮಂಪರಿನಲ್ಲಿ ಎದುರುಮನೆಯಿಂದ ಒಂದು ಹೆಂಗಸಿನ ದನಿ ತೇಲಿ ಬರುತ್ತಿತ್ತು. ಅಡಿಕೆ ಧಾರಣೆ, ಮಳೆ ಸುದ್ದಿ, ಯಾವುದೋ ಊರಿನ ಕಳ್ಳತನ. ನಡುನಡುವೆ, "ಏನಂತೀರಿ?" ಎಂದು ಕೇಳಿ ದನಿ ನಿಲ್ಲುತ್ತಿತ್ತು. ಆಗ ಗಂಡಸಿನ ದನಿಯೊಂದು ಉತ್ತರ ಕೊಡುತ್ತಿತ್ತು. ಗಂಡ ಹೆಂಡತಿ ಎಷ್ಟು ಚೆಂದ ಮಾತಾಡಿಕೊಂಡಿರುತ್ತಾರಲ್ಲ ಎಂದುಕೊಂಡಿದ್ದೆ.

ಆಮೇಲೆ ಗೊತ್ತಾಯಿತು, ಆ ಹೊತ್ತಿಗೆ ಟೀಚರ್ ಮನೆಯಲ್ಲೇ ಇರುತ್ತಿರಲಿಲ್ಲ. ಅವರು ಶಾಲೆಯಲ್ಲಿರುತ್ತಿದ್ದರು. ಮನೆಯಲ್ಲಿ ಇರುತ್ತಿದ್ದದ್ದು ಅವರ ಯಜಮಾನರೊಬ್ಬರೇ. ಹೊನ್ನಾಳಿ, ನ್ಯಾಮತಿ, ಸವಳಂಗದ ದಾರಿಯಲ್ಲಿ ಬಸ್ಸಿನ ಕಂಡಕ್ಟರಾಗಿದ್ದವರು. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತಿಂದಿತ್ತು. ಪೇಪರ್ ಓದದೆ ಚಹಾ ಕುಡಿದವರಲ್ಲವಂತೆ ಅವರು. ಅದಕ್ಕೇ ಟೀಚರ್ ಮೊದಲ ಬಸ್ಸಿಗೆ ಬರುವ ಪೇಪರನ್ನು ಕಂಪ್ಯೂಟರಿನ ಮುಂದೆ ಕೂತು ಮೈಕಿನಲ್ಲಿ ಓದಿ, ಸಿ.ಡಿ.ಗೆ ಬರೆದು, ಪ್ಲೇಯರಿಗೆ ಹಾಕಿ ಶಾಲೆಗೆ ಹೋಗುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಯಜಮಾನರು ತಡವಿ ಗುಂಡಿ ಒತ್ತಿಕೊಂಡು ಕೇಳುತ್ತಿದ್ದರು. ಸಂಜೆ ಬಂದು ಅಳಿಸುತ್ತಿದ್ದರು. ಮರುದಿನ ಅದೇ ಸಿ.ಡಿ.ಗೆ ಹೊಸ ಪೇಪರು.

ಒಂದು ಸಂಜೆ ಹೆಪ್ಪು ಕೇಳಲು ಹೋದವಳು ಆ ಕಂಪ್ಯೂಟರಿನ ಪೆಟ್ಟಿಗೆಯನ್ನೇ ನೋಡುತ್ತ ನಿಂತೆ. ಟೀಚರ್ ತಿರುಗಿ, "ಬಾ ಜಗಳೂರು, ಕೂತ್ಕೋ. ನೋಡಾಕೇನು, ಮಾಡಾಕೇ ಕಲಿ," ಎಂದರು. ಕೊನೆಯವರೆಗೂ ನನ್ನನ್ನು ಊರಿನ ಹೆಸರಿನಿಂದಲೇ ಕರೆದರು.

"ಬರೀ ಒಂದು ಸಲ ಬರೆಯೋ ಸಿ.ಡಿ. ಐತಲ್ಲ, ಬರೆಯುವಾಗ ಕರೆಂಟ್ ಹೋದ್ರೆ ಅದು ಸತ್ತಂಗೆ. ಇದು ಹಂಗಲ್ಲ, ಮತ್ತೆ ಎದ್ದು ಕೂರ್ತದೆ," ಎಂದು ಡ್ರೈವಿನ ತಟ್ಟೆಗೆ ಸಿ.ಡಿ. ಇಟ್ಟರು. ಪರದೆಯ ಮೇಲೆ ಎರಡು ಆಯ್ಕೆ ಬಂದವು. ಬೇಗ ಅಳಿಸುವುದು, ಪೂರ್ತಿ ಅಳಿಸುವುದು. ವ್ಯತ್ಯಾಸವೇನು ಎಂದು ಕೇಳಿದೆ.

"ಬೇಗಂದು ಅಂದ್ರೆ ಪುಸ್ತಕದ ಪರಿವಿಡಿ ಹರಿದು ಹಾಕ್ದಂಗೆ. ಪಾಠ ಒಳಗೇ ಇರ್ತದೆ, ಹುಡುಕಾಕೆ ದಾರಿ ಇರಲ್ಲ. ಪೂರ್ತಿ ಅಂದ್ರೆ ಒಂದೊಂದು ಪುಟಾನೂ ತೊಳೆದಂಗೆ. ಅದಕ್ಕೆ ಹೊತ್ತು ಹಿಡೀತದೆ."

ದಿನವೂ ಬೇಗನೆಯದು. ಭಾನುವಾರ ಪೂರ್ತಿ. ಭಾನುವಾರ ಯಜಮಾನರ ತಲೆಗೆ ಎಣ್ಣೆ ಹಚ್ಚಿ ನೀರು ಹಾಕುವ ಹೊತ್ತಿಗೇ ಸಿ.ಡಿ.ಯ ಸ್ನಾನವೂ ನಡೆಯುತ್ತಿತ್ತು. ಎಷ್ಟೋ ಸಲ ತೊಳೆದು ಬರೆದು ಒಂದು ಸಿ.ಡಿ. ತಡವರಿಸತೊಡಗಿದರೆ, ಅದನ್ನು ಹೂದೋಟದ ಕಡ್ಡಿಗೆ ಕಟ್ಟಿ ಗುಬ್ಬಿ ಬೆದರಿಸಲು ಬಿಡುತ್ತಿದ್ದರು. "ಇಷ್ಟು ಚೆನ್ನಾಗಿ ಓದಿದ್ದನ್ನ ಯಾಕೆ ಅಳಿಸ್ತೀರಿ ಟೀಚರ್, ಇಟ್ಕೊಳ್ಳಬಾರದಾ?" ಎಂದರೆ ನಕ್ಕು, "ನಿನ್ನೆ ಪೇಪರ್ ಯಾರು ಕೇಳ್ತಾರವ್ವ? ನಾಳೆ ಬೆಳಿಗ್ಗೆ ಮತ್ತೆ ಬರ್ತದೆ," ಎನ್ನುತ್ತಿದ್ದರು.

ಮಳೆಗಾಲದ ಮೊದಲ ದಿನಗಳು. ಮಧ್ಯಾಹ್ನ ಅಕ್ಕಿ ಆರಿಸುತ್ತ ಕಟ್ಟೆಯ ಮೇಲೆ ಕೂತಿದ್ದೆ. ಎದುರುಮನೆಯ ದನಿ ಎಂದಿನಂತೆ ಬರುತ್ತಿತ್ತು. ಧಾರಣೆ ಮುಗಿಯಿತು, ಯಜಮಾನರು ಉತ್ತರ ಕೊಟ್ಟರು. ಸಾರು ಖಾರವಾಗಿದೆ, ಮೊಸರು ಹಾಕಿಕೊಳ್ಳಿ ಎಂದಿತು ದನಿ, ಅದಕ್ಕೂ ಕೊಟ್ಟರು. ಆಮೇಲೆ ದನಿ ಕೇಳಿತು, "ಹೊಳೆ ತುಂಬೈತಂತೆ. ಸಂಜೆ ನಾನು ಬಂದ ಮೇಲೆ ಇಬ್ರೂ ಹೋಗಿ ಬರಾಣ. ಏನಂತೀರಿ?"

ಉತ್ತರ ಬರಲಿಲ್ಲ.

ನಿದ್ದೆ ಹತ್ತಿರಬೇಕು ಎಂದುಕೊಂಡೆ. ದನಿ ಮುಂದಿನ ಸುದ್ದಿಗೆ ಹೋಯಿತು. ಮತ್ತೆ "ಏನಂತೀರಿ?" ಎಂದಿತು. ಮತ್ತೆ ಏನೂ ಇಲ್ಲ. ಮೊರ ಕೆಳಗಿಟ್ಟು ಬೀದಿ ದಾಟಿದೆ. ಅವರು ಆರಾಮಕುರ್ಚಿಯಲ್ಲಿ, ತಲೆಯನ್ನು ಪ್ಲೇಯರಿನ ಕಡೆಗೆ ವಾಲಿಸಿ ಕೂತಿದ್ದರು. ಕೈ ಮುಟ್ಟಿದೆ. ಟೀಚರ ದನಿ ಇನ್ನೂ ಓದುತ್ತಲೇ ಇತ್ತು. ಅದನ್ನು ನಿಲ್ಲಿಸಲು ಗುಂಡಿ ಯಾವುದೆಂದು ನನ್ನ ಕೈಗೆ ತಿಳಿಯಲಿಲ್ಲ.

ಅವರನ್ನು ಮಣ್ಣು ಮಾಡಿ ಬಂದ ಮೇಲೆ ಟೀಚರ್ ಬಹಳ ದಿನ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆಯಲಿಲ್ಲ. ಶಾಲೆಗೆ ಹೋಗುವರು, ಬರುವರು. ಬೀದಿ ನಿಶ್ಶಬ್ದವಾಯಿತು. ನನ್ನ ಮಧ್ಯಾಹ್ನಗಳೂ ಖಾಲಿಯಾದವು. ಹಾಗಿರುವಾಗ ಒಂದು ರಜೆಯ ದಿನ ನನ್ನನ್ನು ಕೂಗಿ ಕರೆದರು. ಕೊನೆಯ ಸಿ.ಡಿ. ಪ್ಲೇಯರಿನಲ್ಲೇ ಇತ್ತು.

"ಇದೊಂದು ಅಳಿಸಾಕೆ ಆಗಿಲ್ಲ ನೋಡು," ಎಂದರು. "ಹಾಕಿ ಕೇಳಿದೆ. ಬರೀ ನನ್ನ ದನಿ. ವರ್ಷಗಟ್ಲೆ ಬರೆದೀನಿ, ಅವರ ಒಂದು ಮಾತಿಲ್ಲ. ಅವರ ಮುಂದೆ ಒಂದು ಸಲ ಮೈಕ್ ಇಡಾಕೆ ನನಗೆ ಹೊಳೀಲಿಲ್ಲ."

"ಆದರೆ ಅವರು ಮಾತಾಡ್ತಿದ್ರಲ್ಲ ಟೀಚರ್?"

"ಯಾವಾಗ?"

"ದಿನಾ. ನೀವು ಏನಂತೀರಿ ಅಂತ ಕೇಳಿ ನಿಲ್ಲಿಸ್ತಿದ್ರಲ್ಲ, ಆಗ. ನೀವು ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಿದ್ರು. ನಮ್ಮ ಕಟ್ಟೆಗೆ ಕೇಳಿಸ್ತಿತ್ತು."

ಟೀಚರ್ ನನ್ನ ಮುಖವನ್ನೇ ನೋಡಿದರು. ಅವರಿಗೆ ಗೊತ್ತೇ ಇರಲಿಲ್ಲ. ತರಗತಿಯಲ್ಲಿ ಪಾಠ ಹೇಳುವಾಗ ನಡುವೆ ಕೇಳಿ ನಿಲ್ಲುವುದು ಅವರ ರೂಢಿ. ಅದೇ ರೂಢಿಯಲ್ಲಿ ಮೈಕಿನ ಮುಂದೆಯೂ ನಿಲ್ಲುತ್ತಿದ್ದರು, ಅಷ್ಟೆ. ಸಂಜೆ ಬಂದಾಗ ಯಜಮಾನರು, "ಕೇಳಿದೆ ಕಣೆ, ಚೆನ್ನಾಗೈತೆ," ಎಂದಷ್ಟೇ ಹೇಳುತ್ತಿದ್ದರಂತೆ. ಪೆಟ್ಟಿಗೆಯೊಂದಿಗೆ ಮಾತಾಡುತ್ತೇನೆಂದು ಹೇಳಲು ನಾಚಿಕೆಯಾಗಿರಬೇಕು.

ಟೀಚರ್ ಗುಂಡಿ ಒತ್ತಿದರು. ಸಿ.ಡಿ. ತಿರುಗಿತು. ಅಡಿಕೆ ಧಾರಣೆ ಓದಿ ಮುಗಿಸಿ ದನಿ 'ಏನಂತೀರಿ?' ಎಂದು ಕೇಳಿ ನಿಂತಿತು. ಆ ಖಾಲಿಯಲ್ಲಿ ನಾನು ಹೇಳಿದೆ, "'ಇಳಿದೈತಾ? ಚನ್ನಗಿರಿ ಕಡೆ ಅಡಿಕೆ ತೋಟದೋರ ಮುಖ ನೋಡಂಗಿಲ್ಲ ಬಿಡು ಇವತ್ತು' ಅಂದ್ರು." ಸಾರಿನ ಮಾತು ಬಂತು. "'ಖಾರ ಏನಿಲ್ಲ, ಸರಿಯಾಗೇ ಐತೆ. ಮೊಸರು ನಿನಗಿರ್ಲಿ' ಅಂದ್ರು."

ಟೀಚರ್ ನಕ್ಕೇಬಿಟ್ಟರು. ನಗುತ್ತಲೇ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಅದಕ್ಕೇ ನೋಡು, ಸಂಜೆ ಬಂದ್ರೆ ಮೊಸರು ಹಂಗೇ ಇರ್ತಿತ್ತು! ನಾನು ಮರೆತಾರೆ ಅಂತ ಬೈತಿದ್ದೆ."

ಆಮೇಲೆ ಹೊಳೆಯ ಮಾತು ಬಂತು. ದನಿ ಕೇಳಿ ನಿಂತಿತು. ಟೀಚರ್ ನನ್ನ ಕಡೆ ತಿರುಗಿದರು. "ಇದಕ್ಕೇನಂದ್ರು?"

ಒಂದು ಮಾತು ಹೆಣೆಯುವುದು ಕಷ್ಟವಿರಲಿಲ್ಲ. ಅವರು ಹೇಗೆ ಮಾತಾಡುತ್ತಿದ್ದರೆಂದು ನನಗೆ ಚೆನ್ನಾಗಿ ಗೊತ್ತಿತ್ತು. 'ಹೋಗಾಣ' ಎಂಬ ಒಂದೇ ಮಾತು ಸಾಕಾಗಿತ್ತು. ನಾಲಿಗೆಯವರೆಗೂ ಬಂತು.

"ಇದಕ್ಕೆ ಏನೂ ಅನ್ನಲಿಲ್ಲ ಟೀಚರ್," ಎಂದೆ.

ಅವರು ಪ್ಲೇಯರ್ ನಿಲ್ಲಿಸಿದರು. ಆಮೇಲೆ ನನ್ನ ಮೊಣಕೈ ಹಿಡಿದು, "ಸುಳ್ಳು ಹೇಳಲಿಲ್ಲ ನೀನು. ಇನ್ನು ಆ ಮೊದಲಿನವೂ ನಿಜ ಅಂತ ನಂಬ್ತೀನಿ," ಎಂದರು.

ಅಂದು ಸಂಜೆ ನಾವಿಬ್ಬರೂ ಹೊಳೆಗೆ ಹೋದೆವು. ಕೆಂಪು ನೀರು ಮೆಟ್ಟಿಲು ಏರಿತ್ತು. ಆಚೆ ದಡ ಮಂಜಿನಲ್ಲಿ ಇದ್ದೂ ಇಲ್ಲದಂತಿತ್ತು. ಟೀಚರ್ ಪಾದ ಮುಳುಗುವಷ್ಟು ಇಳಿದು ನಿಂತು, ಯಾರಿಗೋ ಎಂಬಂತೆ ಮೆಲ್ಲಗೆ ಆ ದಿನದ ಸುದ್ದಿ ಹೇಳಿದರು. ನಾನು ಹಿಂದೆ ಸರಿದು ನಿಂತೆ.

ಮುಂದಿನ ಭಾನುವಾರ ಅವರೇ ಕಂಪ್ಯೂಟರ್ ಹಚ್ಚಿದರು. ಆ ಸಿ.ಡಿ. ಇಟ್ಟು, ಪೂರ್ತಿ ಅಳಿಸುವುದನ್ನು ಆರಿಸಿದರು. "ಇಟ್ಕೊಳ್ಳಿ ಟೀಚರ್," ಎಂದು ನಾನೇ ಬೇಡಿಕೊಂಡೆ. ತಲೆಯಾಡಿಸಿದರು. "ಇದರಾಗೆ ಇರೋದು ನಾನು. ಅವರು ಹೇಳಿದ್ದು ನೀನು ಹೇಳ್ದೆ, ನಾನು ಕೇಳಿದೆ. ಸಾಕು. ಆದ್ರೆ ಗಡಿಬಿಡೀಲಿ ಕಳಿಸಬಾರದು." ಪರದೆಯ ಮೇಲೆ ನೀಲಿ ಗೆರೆ ಹುಳುವಿನಂತೆ ತೆವಳಿತು. ಅದು ಕೊನೆ ಮುಟ್ಟುವವರೆಗೂ ಇಬ್ಬರೂ ಅಲ್ಲೇ ಕೂತೆವು. ಆಚೆ ಬಂದ ಸಿ.ಡಿ.ಯನ್ನು ಅವರು ನನ್ನ ಕೈಗೆ ಕೊಟ್ಟು, "ಬಿ.ಎ. ಪುಸ್ತಕ ಎಲ್ಲವೆ?" ಎಂದರು.

ಅವು ಜಗಳೂರಿನ ತವರುಮನೆಯ ಅಟ್ಟದಲ್ಲಿದ್ದವು. ಮರುವಾರ ಬಸ್ಸಿಗೆ ಹೋಗಿ ತಂದೆ. ಅತ್ತೆಯವರನ್ನು ಒಪ್ಪಿಸಿದವರೂ ಟೀಚರೇ. "ಕೆಲಸ ಯಾವುದೂ ನಿಲ್ಲಂಗಿಲ್ಲ ಅತ್ತಿಗೆಮ್ಮ, ರೊಟ್ಟಿ ತಟ್ಟುತ್ತಾನೇ ಓದ್ತಾಳೆ," ಎಂದರು. ಹಾಗೇ ಆಯಿತು. ಟೀಚರ ಮೈಕಿನ ಮುಂದೆ ಕೂತು ಇತಿಹಾಸದ ಪಾಠ ಓದುವೆ, ಸಿ.ಡಿ.ಗೆ ಬರೆಯುವೆ, ಅವರ ಪ್ಲೇಯರನ್ನು ನಮ್ಮ ಅಡುಗೆಮನೆಯಲ್ಲಿ ಇಟ್ಟುಕೊಂಡು ಕೇಳುವೆ. ಮೊದಲು ನನ್ನ ದನಿ ಕೇಳಿ ನನಗೇ ಅಳು ಬಂತು. ಹೆದರಿದ ಕರುವಿನ ದನಿ. "ಅಳಿಸು, ಮತ್ತೆ ಓದು," ಎಂದರು ಟೀಚರ್. ಮತ್ತೆ ಓದಿದೆ. ಪಾಠ ಬಾಯಿಗೆ ಬಂದಿದೆ ಎಂದರೆ, "ಹಂಗಾದ್ರೆ ಅಳಿಸು," ಎನ್ನುವರು. ಅಳಿಸಲು ಕೈ ಹಿಂಜರಿದರೆ, ನನಗೆ ಅದು ಇನ್ನೂ ಬಂದಿಲ್ಲವೆಂದು ಅರ್ಥ. ಅಳಿಸುತ್ತ ಅಳಿಸುತ್ತ ನಾನು ಪಾಸಾದೆ. ಆಮೇಲೆ ಬಿ.ಎಡ್. ಆಯಿತು, ಸವಳಂಗದ ಹತ್ತಿರದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು.

ನಿವೃತ್ತಿಯಾದ ಮೇಲೆ ಟೀಚರ್ ಉಬ್ರಾಣಿಯ ತಂಗಿಯ ಮನೆಗೆ ಹೋದರು. ಹೋದ ವರ್ಷ ಅಲ್ಲೇ ತೀರಿಕೊಂಡರು. ನನಗೆ ಸುದ್ದಿ ತಡವಾಗಿ ತಲುಪಿತು. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದು, ನಡುಮನೆಯಲ್ಲಿ ಹೆಂಗಸರಷ್ಟೇ ಕೂತಿದ್ದರು. ಅವರ ತಂಗಿ ನನ್ನ ಕೈ ಹಿಡಿದುಕೊಂಡು, "ನಮ್ಮಕ್ಕ ಹೇಳ್ತಿದ್ದ ಜಗಳೂರು ನೀನೇ ಅಲ್ವೇನವ್ವ? ಅಷ್ಟೆಲ್ಲ ಓದಿ ಇಡ್ತಿದ್ಲಂತಲ್ಲ ಅವಳು. ಯಾವುದರಾಗಾದ್ರೂ ಅವಳ ದನಿ ಉಳಿದೈತೇನವ್ವ? ಒಂದು ಸಲ ಕೇಳಬೇಕಿತ್ತು," ಎಂದರು.

ನಾನು ಹೇಳಿದೆ, "ಇಲ್ಲಮ್ಮ. ದಿನಾ ಸಂಜೆ ಅಳಿಸ್ತಿದ್ರು. ನಾಳೆಗೆ ಜಾಗ ಬೇಕಲ್ಲ, ಅದಕ್ಕೆ."

ಅವರು ತಟ್ಟನೆ ತಲೆಯೆತ್ತಿದರು. ಪಕ್ಕದಲ್ಲಿದ್ದ ಹೆಂಗಸರೂ ನನ್ನನ್ನೇ ನೋಡಿದರು. ನಾನೇನು ತಪ್ಪು ಮಾತಾಡಿದೆನೋ ಎಂದು ಗಾಬರಿಯಾಯಿತು.

"ಜಗಳೂರಿನ ಮಾತಲ್ಲ ಇದು," ಎಂದರು ಆ ತಂಗಿ. "ಪದ ಬಿಡಿಸಿ ಬಿಡಿಸಿ, ಕೊನೇಲಿ ದನಿ ಇಳಿಸಿ... ನಮ್ಮಕ್ಕ ಮಾತಾಡಿದಂಗೇ ಐತಲ್ಲ." ನನ್ನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡರು. "ಮಾತಾಡವ್ವ. ಏನಾದ್ರೂ ಸರಿ, ಮಾತಾಡ್ತಿರು."

ಕತ್ತಲಾಗುವವರೆಗೂ ನಾನು ಅಲ್ಲೇ ಕೂತು ಮಾತಾಡಿದೆ.