ನೋಡದೆ ಬರೆಯುವುದಿಲ್ಲ ಎಂದವರು

ಸಂಜೆ ಏಳು ಇಪ್ಪತ್ತಕ್ಕೆ ಮೊದಲ ಕಲ್ಲು ಪರದೆಯನ್ನು ಹರಿದುಕೊಂಡು ಹೋಯಿತು. ರೇಣುಕಾ ಮೇಡಂ ಅದನ್ನು ನೋಡಲಿಲ್ಲ. ಎಲ್ಲಿ ಚಿತ್ರ ತೋರಿಸಿದರೂ ಅವರು ಕೂರುತ್ತಿದ್ದುದು ಪರದೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ. "ಪಿಚ್ಚರ್ ನಂಗ ಬಾಯಿಪಾಠ ಐತಿ. ನೋಡೋರ ಮಾರಿ ದಿನಾ ಹೊಸಾದು," ಎನ್ನುತ್ತಿದ್ದರು.

ಕೂಡ್ಲಿಗಿಯ ಕಾಲೇಜೊಂದರಲ್ಲಿ ಅವರು ಪತ್ರಿಕೋದ್ಯಮ ಕಲಿಸುತ್ತಿದ್ದರು. ನಾನು ಅದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿ. ನಮ್ಮ ಸೀಮೆಯ ಬಗ್ಗೆ ಹೊರಗಿನವರು ತೆಗೆದ ಸಾಕ್ಷ್ಯಚಿತ್ರಗಳು ಅವರ ಸಂಶೋಧನೆಯ ವಿಷಯ. ಕೊಟ್ಟೂರು, ಹಡಗಲಿ, ಹಂಪಸಾಗರ ಎಂದು ಅಲೆದು, ಹಳೆಯ ಚಿತ್ರಗಳಲ್ಲಿ ಕಾಣುವವರನ್ನು ಹುಡುಕಿ ಮೊದಲು ಅವರಿಗೆ ತೋರಿಸುತ್ತಿದ್ದರು. ಆ ಜನ ಪೂರ್ತಿ ನೋಡುವ ತನಕ ಆ ಚಿತ್ರದ ಬಗ್ಗೆ ಒಂದು ಸಾಲೂ ಬರೆಯುತ್ತಿರಲಿಲ್ಲ. ಹೀಗಾಗಿ ಡಾಕ್ಟರೇಟ್ ವರ್ಷಗಟ್ಟಲೆ ಎಳೆಯಿತು. "ಪುಸ್ತಕ ನೋಡಿ ಬರೆದು ಮುಗಿಸಮ್ಮ" ಎಂದ ಮಾರ್ಗದರ್ಶಕರಿಗೆ, "ಪುಸ್ತಕ ಬರದೋರೂ ಇಲ್ಲಿಗಿ ಬಂದಿಲ್ರಿ ಸರ್. ನಾನೂ ಹೋಗ್ಲಿಲ್ಲಂದ್ರ ಹೆಂಗ?" ಎಂದಿದ್ದರು.

ಆ ಸಂಜೆ ತೆಲಿಗಿಯ ಆಚೆಗಿನ ಒಂದು ಹಳ್ಳಿಯಲ್ಲಿದ್ದೆವು. ಅಲ್ಲಿನ ದುರುಗವ್ವನಿಗೆ ಚಿಕ್ಕ ವಯಸ್ಸಿನಲ್ಲಿ ಮುತ್ತು ಕಟ್ಟಿ ದೇವದಾಸಿಯಾಗಿ ಬಿಟ್ಟಿದ್ದನ್ನು ಯಾರೋ ಚಿತ್ರೀಕರಿಸಿಕೊಂಡು ಹೋಗಿದ್ದರು. ಚಿತ್ರದ ಕೊನೆಯಲ್ಲಿ ಆಕೆಯ ತಾಯಿ ಬರುತ್ತಾಳೆ. ತೀರಿಹೋದ ಆ ತಾಯಿಯದು ಮನೆಯಲ್ಲಿ ಒಂದು ಫೋಟೊ ಕೂಡ ಇರಲಿಲ್ಲ. ಮನೆಯಲ್ಲೇ ತೋರಿಸುತ್ತೇವೆ ಎಂದರೆ ದುರುಗವ್ವ ಒಪ್ಪಲಿಲ್ಲ. "ಊರ ಮುಂದ ಕಟ್ಯಾರ, ಊರ ಮುಂದ ನೋಡ್ತೀನಿ. ಕದ್ದು ಯಾಕ ನೋಡ್ಲಿ?" ಶಾಲೆಯ ಅಂಗಳದಲ್ಲಿ ಪರದೆ ಕಟ್ಟಿದೆವು.

ತಾಯಿಗಿಂತ ಮೊದಲು ಪರದೆ ಮೇಲೆ ಬಂದವನು ಊರಿನ ಮುಖಂಡನ ಅಪ್ಪ. ಮುತ್ತು ಕಟ್ಟುವಲ್ಲಿ ಕೂತು, ಎಲೆಅಡಿಕೆ ಹಾಕಿಕೊಂಡು ನಗುತ್ತಿದ್ದ. ಮುಖಂಡ ಎದ್ದು ನಿಂತ.

"ಬಂದ್ ಮಾಡಮ್ಮ. ಸತ್ತೋರ ಮರ್ಯಾದಿ ತಗೀತೀಯೇನು?"

ಮೇಡಂ ಕದಲಲಿಲ್ಲ. "ದುರುಗವ್ವ ಹೇಳ್ಲಿ, ಬಂದ್ ಮಾಡ್ತೀನಿ."

ಅಂಗಳವೆಲ್ಲ ದುರುಗವ್ವನ ಕಡೆ ತಿರುಗಿತು. ಆಕೆ ಸೆರಗು ಸರಿ ಮಾಡಿಕೊಂಡು, "ಅಡ್ಡ ನಿಂತೀಯಲ್ಲೋ ಯಪ್ಪಾ, ಸರಿ ಅತ್ಲಾಗ. ನಮ್ಮವ್ವ ಇನ್ನೂ ಬಂದಿಲ್ಲ," ಎಂದಳು.

ಕಲ್ಲು ಬಿದ್ದದ್ದು ಆಗ.

ಹೇಗೋ ಮೇಡಂ, ದುರುಗವ್ವ, ನಾನು ಮೂವರೂ ತರಗತಿಯೊಂದರ ಒಳಗೆ ಸೇರಿಕೊಂಡೆವು. ಚಿತ್ರವಿದ್ದ ಹಾರ್ಡ್‌ಡಿಸ್ಕ್ ಮೇಡಂ ಕೈಯಲ್ಲಿತ್ತು. "ಅದನ್ನ ಹೊರಗ ಒಗೀರಿ, ಬಿಟ್ಟು ಬಿಡ್ತೀವಿ," ಎಂದು ಕೂಗುತ್ತ ಮುಖಂಡನ ಕಡೆಯವರು ಬಾಗಿಲು ಒದ್ದರು. ಮೇಡಂ ಒಳಗಿನಿಂದಲೇ, "ಒದೀರಿ, ಸರ್ಕಾರದ ಬಾಗ್ಲ ಅದು," ಎಂದರು. ಒಂದೊಂದು ಒದೆತಕ್ಕೂ ಚಿಲಕ ಸ್ವಲ್ಪ ಸ್ವಲ್ಪ ಹೊರಗೆ ಬರುತ್ತಿತ್ತು. ಫೋನ್ ಮಾಡಿದ್ದಕ್ಕೆ ಹರಪನಹಳ್ಳಿಯಿಂದ ಪೊಲೀಸರು ಬಂದರು, ನಾವು ಉಳಿದೆವು. ಆದರೆ ಆ ಚಿಲಕ ನನ್ನನ್ನು ಬಿಡಲಿಲ್ಲ. ಪಕ್ಕದ ಮನೆಯವರು ಗೇಟು ಸರಿಸಿದರೂ ನಿದ್ದೆಯಿಂದ ಎದ್ದು ಕೂರುತ್ತಿದ್ದೆ.

ಗಲಾಟೆಯ ಸುದ್ದಿ ಮುಟ್ಟಿ ವಿಶ್ವವಿದ್ಯಾಲಯದ ಸಮಿತಿ ಮೇಡಂ ಅವರನ್ನು ಕರೆಸಿತು. ದುರುಗವ್ವನ ಚಿತ್ರದ ಅಧ್ಯಾಯ ತೆಗೆದುಹಾಕಿದರೆ ಈ ವರ್ಷವೇ ಪದವಿ ಎಂದರು.

"ಆಕಿ ಪೂರಾ ನೋಡಿಲ್ರಿ, ಅದಕ್ಕ ನಾ ಇನ್ನೂ ಬರದೇ ಇಲ್ಲ. ಬರದ ಮ್ಯಾಲ ತಗಿಯೋ ಮಾತು ಆಡೋಣು," ಎಂದು ಎದ್ದು ಬಂದರು. ಪದವಿ ನಿಂತಿತು. ಸ್ವಲ್ಪ ದಿನದಲ್ಲೇ ದೂರದ ಜಿಲ್ಲೆಗೆ ವರ್ಗವೂ ಆಯಿತು.

ಹೊರಡುವ ಮೊದಲು ಮತ್ತೆ ಅದೇ ಅಂಗಳದಲ್ಲಿ ಪರದೆ ಕಟ್ಟಿದರು. ನಾನು ಹೆದರುತ್ತಲೇ ಹೋದೆ. ಗೇಟಿನಲ್ಲಿ ಪೊಲೀಸರಿದ್ದರು. ಆದರೆ ಧೈರ್ಯ ಬಂದದ್ದು ಹೆಂಗಸರನ್ನು ನೋಡಿ. ಹಗರಿಬೊಮ್ಮನಹಳ್ಳಿಯ ಕಡೆಯಿಂದಲೂ ಬಂದಿದ್ದರು, ದುರುಗವ್ವನ ಹಾಗೆಯೇ ಮುತ್ತು ಕಟ್ಟಿಸಿಕೊಂಡವರು. ಪರದೆಯ ಸುತ್ತ ಒತ್ತೊತ್ತಾಗಿ ಕೂತರು. ಮುಖಂಡ ಮನೆ ಬಿಟ್ಟು ಹೊರಗೆ ಬರಲಿಲ್ಲ.

ತಾಯಿ ಬಂದಳು. ಮಗಳ ಹಣೆಯ ಭಂಡಾರದ ಅರಿಸಿನ ಒರೆಸಿ, ಕ್ಯಾಮೆರಾದ ಕಡೆ ಒಮ್ಮೆ ನೋಡಿದಳು. ಹಿನ್ನೆಲೆಯ ಗಂಡು ದನಿ ಇಂಗ್ಲಿಷಿನಲ್ಲಿ ಏನೋ ಹೇಳಿತು.

"ಏನಂತಾನ ಅವ?" ದುರುಗವ್ವ ಕೇಳಿದಳು.

"ನಿಮ್ಮವ್ವಗ ಬಾಳ ಖುಷಿ ಆಗೈತಿ ಅಂತಾನ," ಎಂದರು ಮೇಡಂ.

"ಸುಳ್ಳ ಹೇಳ್ತಾನ. ನಮ್ಮವ್ವ ಅತ್ತು ಅತ್ತು ದನಿ ಹೋಗಿತ್ತು ಅವತ್ತು. ಬರ್ಕೊಳ್ಳವ್ವ."

ಮರುದಿನ ಮೇಡಂ ಕೂಡ್ಲಿಗಿಯಿಂದ ಬಸ್ಸು ಹತ್ತಿದರು. ಆಮೇಲೆ ನಾವು ಭೇಟಿಯಾಗಿಲ್ಲ. ಅವರು ಹೋದ ದಿನದ ರಾತ್ರಿ ನಾನು ಒಮ್ಮೆಯೂ ಎಚ್ಚರಾಗದೆ ಮಲಗಿದೆ. ಬಿಸಿಲು ಮುಖದ ಮೇಲೆ ಬಿದ್ದಾಗ ಎದ್ದು ಫೋನ್ ನೋಡಿದರೆ ಅವರ ಸಂದೇಶ ಬಂದಿತ್ತು: "ಅಧ್ಯಾಯ ಶುರು ಮಾಡೀನಿ."