ಟೈಲರ್ ಮಾವನ ನಡುಗುವ ಕೈ

ನಮ್ಮ ಕೆಳಗಿನ ಮನೆಯ ಟೈಲರ್ ಮಾವನಿಗೆ ಕತ್ತರಿ ಎಂದರೆ ಆರನೆಯ ಬೆರಳು. ಅಳತೆಪಟ್ಟಿ ಕೊರಳಲ್ಲಿಲ್ಲದೆ ಸ್ನಾನಕ್ಕೂ ಹೋಗುವುದಿಲ್ಲವೆಂದು ಅತ್ತೆಯ ದೂರು. ಎಂಥ ದುಬಾರಿ ಬಟ್ಟೆಯಾದರೂ "ಒಂದ್ಸಲ ಕತ್ತರಿ ಇಟ್ಟೆ ಅಂದ್ರೆ ಮುಗೀತು, ಮತ್ತೆ ನೋಡೋ ಮಾತೇ ಇಲ್ಲ" ಎಂದು ಸರ್ರನೆ ಸೀಳಿಬಿಡುವ ಈ ಮನುಷ್ಯ, ಭಾನುವಾರ ತಮ್ಮ ಕರಿ ನಾಯಿ ಬಾಬಿನ್‌ನ ಉಗುರು ಕತ್ತರಿಸಲು ಕೂತರೆ ಮಾತ್ರ ಕೆಲಸಕ್ಕೆ ಹೊಸದಾಗಿ ಸೇರಿದವರಂತೆ ನಡುಗುತ್ತಾರೆ. ಬಾಗಿಲು ಹಾಕಿ, ಹಳೆಯ ಕಂಬಳಿ ಹಾಸಿ, ನಾಯಿಯನ್ನು ಮಡಿಲಿಗೆ ಎಳೆದುಕೊಂಡು, ಬಹಳ ಹೊತ್ತು ಅದರ ಕಾಲನ್ನು ಸುಮ್ಮನೆ ಹಿಡಿದಿರುತ್ತಾರೆ. ಅದರ ಮೈನಡುಕ ನಿಂತಮೇಲೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಕರಿ ಉಗುರಿನ ತುದಿಗೆ ಗೆರೆ ಎಳೆದು, ಗೆರೆಯ ಆಚೆಗೇ ಒಂದಿಷ್ಟು ಚೂರು ಕತ್ತರಿಸಿ, ಒಡನೆ ಬಿಸ್ಕತ್ತು ತಿನ್ನಿಸುತ್ತಾರೆ. ಅದು ಕಾಲೆಳೆದುಕೊಂಡಿತೋ, "ಆಯ್ತಪ್ಪಾ, ಇವತ್ತಿಗೆ ಸಾಕು, ನೀನು ಹೇಳಿದ ಹಾಗೇ ಆಗ್ಲಿ" ಎಂದು ಕಟರ್ ಕೆಳಗಿಡುತ್ತಾರೆ. ಇಷ್ಟು ಮರ್ಯಾದೆ ಯಾವ ಗಿರಾಕಿಗೂ ಸಿಕ್ಕಿದ್ದಿಲ್ಲ. "ಒಂದು ಉಗುರಿಗೆ ಇಷ್ಟೆಲ್ಲಾನಾ ಮಾವ?" ಎಂದು ನಾನೊಮ್ಮೆ ನಕ್ಕೆ. ಮಾವ ಮುಂದಿನ ಉಗುರಿಗೆ ಗೆರೆ ಎಳೆದರು. ಅಡುಗೆಮನೆಯಿಂದ ಅತ್ತೆಯೇ ಹೇಳಿದರು: "ಮೊದಲನೇ ಸಲ ಬಟ್ಟೆ ಥರ ಒಂದೇ ಏಟಿಗೆ ಕತ್ತರಿಸಿದ್ರು. ಉಗುರಿನೊಳಗೂ ಜೀವ ಇರತ್ತೆ ಅಂತ ಯೋಚನೆ ಬೇಡ್ವಾ? ಕಂಬಳಿಯೆಲ್ಲಾ ರಕ್ತ." "ಅಯ್ಯೋ, ಕಚ್ಚಿಬಿಡ್ತಾ?" ಎಂದೆ. ಮಾವ ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸುತ್ತಾ ಮೆಲ್ಲಗೆ ಅಂದರು: "ಕಚ್ಚಿದ್ದಿದ್ರೆ ಎಷ್ಟೋ ಚೆನ್ನಾಗಿತ್ತು. ತಪ್ಪು ತನ್ನದೇ ಅನ್ನೋ ಹಾಗೆ ನನ್ನ ಕೈ ನೆಕ್ತು."