ಕುಂಡಮ್ಮನ ದಾರಿ

ಕುಂಡಮ್ಮ ಎನ್ನುವ ಹೆಸರು ಕಿರಿಸೊಸೆಯ ಕಿವಿಗೆ ಮೊದಲು ಬಿದ್ದದ್ದು ಅಡುಗೆಮನೆಯಲ್ಲಿ, ತಟ್ಟೆ ಒರೆಸುತ್ತಿದ್ದಾಗ. ಗಂಡ ರಸ್ತೆ ಕೆಲಸಕ್ಕೆಂದು ದೂರ ಹೋಗಿದ್ದ. ಅತ್ತೆ ಒಳಗೆ ಬಂದವರೇ, "ನನ್ನ ತಂಗಿಗೆ ಕಣ್ಣಲ್ಲಿ ಪೊರೆ ಬಂದಿದೆಯಂತೆ. ನಿನ್ನ ಗಂಡ ಬರೋವರೆಗೂ ಅಲ್ಲಿ ಹೋಗಿ ಜೊತೆಗಿರು" ಎಂದರು.

ಅತ್ತೆ ಆಚೆ ಹೋದದ್ದೇ ತಡ, ಓರಗಿತ್ತಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಕುಂಡಮ್ಮನ ಮನೆಗಾ? ಅಯ್ಯೋ ಪಾಪ! ಅಲ್ಲಿ ನೆಲ ಅಂತ ನಂಬಿ ಕಾಲಿಟ್ರೆ ಕೆಳಗೆ ನೆಲಾನೇ ಇರಲ್ವಂತೆ ಕಣೇ."

"ಮತ್ತೆ ಅವರು ಹೇಗೆ ಓಡಾಡ್ತಾರಕ್ಕ?"

"ಕುಂಡ ನೋಡ್ಕೊಂಡು. ಜೌಗಿನ ಮಧ್ಯೆ ಕುಂಡ ಇಟ್ಟು ನೊಣ ತಿನ್ನೋ ಗಿಡ ಬೆಳೆಸ್ತಾರಂತೆ. ನೀನು ಹೆದರಬೇಡ, ನಿನ್ನ ಮೈಗೆ ಆ ಗಿಡದ ಬಾಯಿ ಸಾಲದು."

ಓರಗಿತ್ತಿ ನಕ್ಕಳು. ಕಿರಿಸೊಸೆಗೆ ಅಂದು ಊಟ ಸೇರಲಿಲ್ಲ. ಈಜು ಬಾರದವಳು ಅವಳು. ಬಾವಿಯಿಂದ ನೀರು ಸೇದುವಾಗಲೂ ಕಟ್ಟೆಯಿಂದ ಹಿಂದೆ ಸರಿದೇ ನಿಲ್ಲುತ್ತಿದ್ದಳು.

ಕುಂಡಮ್ಮನಿಂದ ಗಿಡ ಕೊಳ್ಳುತ್ತಿದ್ದ ಗಿಡದಂಗಡಿಯ ವ್ಯಾನು ಅವಳನ್ನು ರಸ್ತೆ ಮುಗಿಯುವಲ್ಲಿ ಇಳಿಸಿತು. ಅಲ್ಲಿದ್ದದ್ದು ಒಂದೇ ಮನೆ. ಎರಡು ಕೋಣೆ, ತಗಡಿನ ಮಾಡು, ಗೋಡೆಯ ಬುಡಕ್ಕೆಲ್ಲ ಪಾಚಿ. ಹಿಂಬಾಗಿಲು ತೆರೆದರೆ ಕಣ್ಣು ಹಾಯುವಷ್ಟು ದೂರ ಜೊಂಡು, ನಡುನಡುವೆ ಚಾಪೆ ಹಾಸಿದಂತೆ ಕಂಡರೂ ಕಾಲಿಟ್ಟರೆ ಒಳಗೆಳೆಯುವ ಹುದುಲು. ಆಚೆಗೆ ಮನುಷ್ಯರ ಸುಳಿವಿಲ್ಲ.

ಕುಂಡಮ್ಮ ಎನ್ನಿಸಿಕೊಂಡ ಚಿಕ್ಕತ್ತೆಯದು ಒಣಗಿದ ಕಡ್ಡಿಯಂಥ ಮೈ, ಮೈಗೆ ಒಪ್ಪದಷ್ಟು ದೊಡ್ಡ ಗಂಟಲು. ಸೊಸೆಯ ಮುಖವನ್ನು ಹತ್ತಿರ ತಂದುಕೊಂಡು ನೋಡಿದರು.

"ಕಣ್ಣು ಕಳಿಸ್ತೀನಿ ಅಂದಿದ್ಲು ನಮ್ಮಕ್ಕ. ಇಷ್ಟು ದಪ್ಪ ಕಣ್ಣು ಅಂತ ಹೇಳಿರಲಿಲ್ಲ. ಬಾ ಒಳಗೆ."

ಅವರ ಗಂಡ ಜೊಂಡು ಕೊಯ್ದು ಚಾಪೆಯವರಿಗೆ ಮಾರುತ್ತಿದ್ದವರು. "ದಿನಾ ಹುದುಲಿಗೆ ಹೋಗಿ ಬಂದ್ರು, ಏನೂ ಆಗಲಿಲ್ಲ. ಹಾಸಿಗೆ ಮೇಲೆ ಮಲಗಿದ್ರು, ಜ್ವರ ಬಂದು ಹೋಗೇಬಿಟ್ರು" ಎನ್ನುತ್ತಿದ್ದರು ಚಿಕ್ಕತ್ತೆ. ಗಂಡ ಹೋದಮೇಲೆ ಚಿಕ್ಕತ್ತೆ ಹೊಟ್ಟೆಪಾಡಿಗೆ ಅಂಗಳದಲ್ಲಿ ಹೂಜಿ ಗಿಡ ಬೆಳೆಸಲು ನೋಡಿದರು. ಎಲೆಯ ತುದಿಗೆ ಮುಚ್ಚಳವಿರುವ ಪುಟ್ಟ ಹೂಜಿ ತೂಗುತ್ತದೆ. ಒಳಗೆ ಬಿದ್ದ ನೊಣ ಮತ್ತೆ ಮೇಲೆ ಬರುವುದಿಲ್ಲ. ಪಟ್ಟಣದವರಿಗೆ ಅದು ಬಲು ಮೋಜು. ಆದರೆ ಕೊಳವೆಬಾವಿಯ ಗಡಸು ನೀರು ಕುಡಿದು ಗಿಡಗಳೆಲ್ಲ ಸುಟ್ಟಂತಾದವು. ಕೊನೆಗೆ ಉಳಿದ ಒಂದು ಕುಂಡವನ್ನು ಬಿಸಾಡಲು ಮನಸ್ಸಾಗದೆ, ಹಿಂದಿನ ಜೌಗಿನಲ್ಲಿ ಕುತ್ತಿಗೆಯವರೆಗೆ ಹೂತು ಬಂದರು. ಮಳೆಗಾಲ ಕಳೆಯುವಷ್ಟರಲ್ಲಿ ಅದು ಹೊಸ ಹೂಜಿ ಬಿಟ್ಟಿತ್ತು. ಅಲ್ಲಿಂದಾಚೆ ಎಲ್ಲ ಕುಂಡಗಳೂ ಜೌಗಿನ ಪಾಲಾದವು.

"ಕುಂಡ ಯಾಕೆ ಚಿಕ್ಕತ್ತೆ, ನೆಲಕ್ಕೇ ನೆಡಬಾರದಾ?"

"ನೆಟ್ಟರೆ ಹುದುಲು ಬೇರು ಬಿಟ್ಟುಕೊಡಲ್ಲ. ಕುಂಡ ಆದ್ರೆ ಕಿವಿ ಹಿಡಿದು ಎತ್ಕೊಂಡು ಬರಬಹುದು."

ಬಿದಿರು ಚುಚ್ಚಿ ನೋಡಿ, ಕೆಳಗೆ ಗಟ್ಟಿ ಸಿಕ್ಕಿದ ಕಡೆ ಮಾತ್ರ ಅವರು ಕುಂಡ ಹೂಳುತ್ತಿದ್ದರು. ಹಿಂಬಾಗಿಲಿನಿಂದ, ಮಾರುವ ಗಿಡ ಬೆಳೆಸುತ್ತಿದ್ದ ಒಳಗಿನ ದಿಬ್ಬದವರೆಗೆ ಹೀಗೆ ಒಂದು ಸಾಲು. ಕುಂಡಕ್ಕೆ ಒತ್ತಿ ಹೆಜ್ಜೆ ಇಡಬೇಕು, ಒಂದು ಗೇಣು ಆಚೆ ಇಟ್ಟರೆ ಕಾಲು ಹೋಯಿತು. ಆ ಸಾಲಿನ ಗಿಡಗಳನ್ನು ಅವರು ಯಾರಿಗೂ ಮಾರುತ್ತಿರಲಿಲ್ಲ.

ದಿನವೂ ಬಿದಿರಿನ ಮುಂದಿನ ತುದಿ ಚಿಕ್ಕತ್ತೆಯ ಕೈಯಲ್ಲಿ, ಹಿಂದಿನ ತುದಿ ಸೊಸೆಯ ಕೈಯಲ್ಲಿ. ಹೆಜ್ಜೆ ಇಟ್ಟರೆ ನೆಲ ಹತ್ತಿಯ ಹಾಸಿಗೆಯಂತೆ ತಗ್ಗುತ್ತಿತ್ತು. ತಾನು ನಿಂತಲ್ಲಿ ಮೈಭಾರ ಬಿಟ್ಟರೆ ಅಷ್ಟು ದೂರದ ಜೊಂಡು ಗಾಳಿಯಿಲ್ಲದೆ ತಲೆಯಾಡಿಸುತ್ತಿತ್ತು. ಅವಳಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

"ಚಿಕ್ಕತ್ತೆ, ಕೆಳಗೆ ಏನೋ ಉಸಿರು ಬಿಟ್ಟ ಹಾಗಾಯ್ತು."

"ನಿನ್ನದೇ ಇರಬೇಕು. ಬಾಗಿಲಲ್ಲಿ ಹಿಡ್ಕೊಂಡ ಉಸಿರು ಈಗ ಬಿಟ್ಟೆ ನೀನು."

ಮಲಗಿದರೂ ಹಾಸಿಗೆ ತಗ್ಗಿದಂತಾಗಿ ಕಿರಿಸೊಸೆ ಬೆಚ್ಚಿ ಎದ್ದು ಕೂರುತ್ತಿದ್ದಳು. ಪಕ್ಕದಲ್ಲಿ ಚಿಕ್ಕತ್ತೆ ಗೊರಕೆ ಹೊಡೆಯುತ್ತಿದ್ದರು. ಈ ಹೆಂಗಸಿಗೆ ದೇವರು ಭಯವನ್ನೇ ಕೊಟ್ಟಿಲ್ಲವಲ್ಲ ಎಂದು ಅವಳಿಗೆ ಹೊಟ್ಟೆಕಿಚ್ಚು.

ಆ ವರ್ಷ ಗಿಡದಂಗಡಿಯವನು ಮಣ್ಣಿನ ಕುಂಡ ವ್ಯಾನಿನಲ್ಲಿ ಒಡೆಯುತ್ತವೆಂದು ಹೇಳಿ, ಕಪ್ಪು ಪ್ಲಾಸ್ಟಿಕ್ ಕುಂಡಗಳನ್ನು ತಂದುಹಾಕಿದ. ಚಿಕ್ಕತ್ತೆ ಒಂದನ್ನು ಎರಡು ಬೆರಳಲ್ಲಿ ಎತ್ತಿ ಕುಣಿಸಿದರು. "ನೋಡೇ, ಹೂವು ಎತ್ತಿದ ಹಾಗಿದೆ! ನನ್ನ ಸೊಂಟಕ್ಕೆ ಈಗ ಜೀವ ಬಂತು." ಮಾರುವ ಗಿಡಗಳ ಜೊತೆಗೆ ದಾರಿಯ ಕುಂಡಗಳನ್ನೂ ಬದಲಾಯಿಸಿಬಿಟ್ಟರು. ಹಳೆಯದನ್ನು ಎಬ್ಬಿಸಿದ ಗುಣಿಯಲ್ಲೇ ಹೊಸದನ್ನು ಕೂರಿಸಿದರು. ಹೂಜಿ ಗಿಡಕ್ಕೆ ಮಣ್ಣು ಆಗದು, ಒಣ ಪಾಚಿ ಮತ್ತು ನಾರು ತುಂಬಬೇಕು. ಹೀಗೆ ಒಳಗೂ ಹಗುರ, ಹೊರಗೂ ಹಗುರ. ಅದು ಆಗ ಯಾರಿಗೂ ಹೊಳೆಯಲಿಲ್ಲ.

ಮಳೆ ಹಿಡಿಯಿತು. ಬಿಡುವಿಲ್ಲದೆ ಹೊಯ್ದು ಒಂದು ಬೆಳಿಗ್ಗೆ ನಿಂತಿತು. ಚಿಕ್ಕತ್ತೆ ಬಿದಿರು ಕೈಗೆತ್ತಿಕೊಂಡರು.

"ದಿಬ್ಬದ ಮರಿಗಿಡಗಳು ಮುಳುಗಿದಾವೋ ಏನೋ, ನೋಡಿ ಬರ್ತೀನಿ."

"ನಾನೂ ಬರ್ತೀನಿ, ತಾಳಿ."

"ಬೇಡ. ನೀನು ಬಂದ್ರೆ ನಿನ್ನ ಹೆದರಿಕೆ ನಿಲ್ಲೋಕೂ ಒಂದು ಕುಂಡ ಹೂಳಬೇಕು. ವ್ಯಾನಿನವನು ಬರ್ತಾನೆ, ಅವನಿಗೆ ಗಿಡ ಕೊಡು."

ಅವಳು ಹಿಂಬಾಗಿಲಲ್ಲಿ ನಿಂತು ನೋಡಿದಳು. ಕುಂಡಗಳೆಲ್ಲ ನೆಟ್ಟಗೆ ನಿಂತಿದ್ದವು, ಹೂಜಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಚಿಕ್ಕತ್ತೆ ಕುಂಡಗಳನ್ನು ನಂಬಿ, ಬಿದಿರು ಚುಚ್ಚಿ ನೋಡದೆ ಬೇಗಬೇಗ ನಡೆದುಹೋದರು. ಮನೆಯ ಹತ್ತಿರದ ನೆಲ ಎತ್ತರದ್ದು, ಅಲ್ಲಿನ ಕುಂಡಗಳಿಗೆ ಏನೂ ಆಗಿರಲಿಲ್ಲ. ಅವುಗಳ ಆಚೆಗೆ ಸಾಲು ಎಲ್ಲೋ ಬಾಗಿದಂತೆ ಕಂಡಿತು. ಕಣ್ಣುಜ್ಜಿ ಮತ್ತೆ ನೋಡಿದಳು. ಹೌದು. ನೀರು ಏರಿದಾಗ ತೇಲಿ ಎದ್ದ ಕುಂಡಗಳು, ಜೊಂಡಿಗೆ ಒರಗಿ, ಒಂದರ ಹಿಂದೆ ಒಂದು ಅಚ್ಚುಕಟ್ಟಾಗಿ ಕೂತಿದ್ದವು. ಕೆಳಗೆ ಹುದುಲು.

ಅವಳ ಗಂಟಲಿನಿಂದ ಕೂಗು ಹೊರಡುವ ಮುಂಚೆಯೇ ಚಿಕ್ಕತ್ತೆ ಸೊಂಟದವರೆಗೆ ಇಳಿದಿದ್ದರು.

ಬಟ್ಟೆ ಒಣಹಾಕುವ ಗಳ ಕಿತ್ತುಕೊಂಡು ಓಡಿದಳು. ಗಟ್ಟಿ ನೆಲ ಮುಗಿದಲ್ಲಿ ಮಕಾಡೆ ಮಲಗಿ, ತೆವಳಿ, ಗಳ ಚಾಚಿದಳು. ಸಾಲಲಿಲ್ಲ. ಇನ್ನೂ ಮುಂದೆ ಸರಿದಾಗ ಎದೆಯ ಕೆಳಗಿನ ಹುಲ್ಲು ಮೆಲ್ಲಗೆ ತಗ್ಗಿ, ತಣ್ಣನೆಯ ನೀರು ಕುತ್ತಿಗೆಗೆ ತಾಗಿತು.

"ಹಿಂದಕ್ಕೆ ಹೋಗೇ! ಹಿಂದಕ್ಕೆ!" ಚಿಕ್ಕತ್ತೆ ಚೀರಿದರು. "ಒಬ್ಬಳು ಸಾಕು!"

ಅಷ್ಟರಲ್ಲಿ ವ್ಯಾನಿನವನು ಬಂದ. ನೋಡಿದವನೇ ಚಪ್ಪಲಿ ಬಿಟ್ಟು ಇಳಿಯಲು ಹೊರಟ. ಚಿಕ್ಕತ್ತೆ ಅವನಿಗೂ ಗದರಿದರು: "ನೀನೂ ಸಿಕ್ಕಿಬಿದ್ರೆ ವ್ಯಾನು ಯಾರಪ್ಪ ಓಡಿಸ್ತಾನೆ? ಹೋಗು, ಹಗ್ಗ, ಹಲಗೆ, ಜನ ಕರ್ಕೊಂಡು ಬಾ." ವ್ಯಾನಿನ ಸದ್ದು ದೂರವಾಯಿತು. ಮೇಲಿನ ನೆಲದಿಂದ ಮಳೆನೀರು ಇನ್ನೂ ಹರಿದುಬರುತ್ತಲೇ ಇತ್ತು. ಒಂದು ಕುಂಡ ಮತ್ತೆ ಎದ್ದು, ತಿರುಗುತ್ತ, ಚಿಕ್ಕತ್ತೆಯ ಭುಜಕ್ಕೆ ತಾಗಿ ಮುಂದೆ ಹೋಯಿತು.

ಜನ ಬಂದರು, ಹಗ್ಗವೂ ಬಂತು. ಅಷ್ಟರಲ್ಲಿ ಚಿಕ್ಕತ್ತೆ ಇರಲಿಲ್ಲ. ಹೇಗೆ ತೆಗೆದರು, ಎಷ್ಟು ಜನ ಎಳೆದರು ಎನ್ನುವುದನ್ನು ಹೇಳಲು ಆಮೇಲೆ ಬಂದವರೆಲ್ಲ ಇದ್ದಾರೆ. ಅದಕ್ಕೆ ಮುಂಚಿನದನ್ನು ಕಂಡವಳು ಕಿರಿಸೊಸೆಯೊಬ್ಬಳೇ.

ನೀರು ಎದೆಗೆ ಬಂದಾಗ ಚಿಕ್ಕತ್ತೆಯ ದೊಡ್ಡ ಗಂಟಲು ಸಣ್ಣದಾಯಿತು.

"ಅಲ್ಲೇ ಇದ್ದೀಯೇನೇ? ನನಗೆ ಕಾಣ್ತಿಲ್ಲ."

"ಇದ್ದೀನಿ ಚಿಕ್ಕತ್ತೆ. ಇಲ್ಲೇ ಇದ್ದೀನಿ. ಹೆದರಬೇಡಿ."

"ಹೆದರಬೇಡಿ ಅಂತೆ! ಮದುವೆಯಾಗಿ ಈ ಮನೆಗೆ ಕಾಲಿಟ್ಟಾಗಿನಿಂದ ಹೆದರ್ಕೊಂಡೇ ಇದ್ದೀನಿ ನಾನು. ಒಂದು ಕುಂಡ ಸಾಲದೂಂತ ಇನ್ನೊಂದು, ಅದೂ ಸಾಲದೂಂತ ಮತ್ತೊಂದು... ಭಯ ಇಲ್ಲದೋರು ಇಷ್ಟೊಂದು ಕುಂಡ ಹೂಳ್ತಾರೇನೇ?"

ಕಿರಿಸೊಸೆ ಗಳವನ್ನು ಇನ್ನೊಂದು ಗೇಣು ಮುಂದಕ್ಕೆ ಚಾಚಿದಳು. ಗಳದ ತುದಿಯಲ್ಲಿ ಹುದುಲು ಗುಳುಗುಳು ಎಂದಿತು.

"ಯಾಕೆ ಸುಮ್ಮನಾದೆ? ಸುಮ್ಮನಿರಬೇಡ ಮಗಾ. ನೀನು ಸುಮ್ಮನಾದ್ರೆ ಇದರ ಸದ್ದು ಕೇಳುತ್ತೆ. ಮಾತಾಡ್ತಾ ಇರು."

"ಏನು ಮಾತಾಡಲಿ ಚಿಕ್ಕತ್ತೆ?"

"ಏನಾದ್ರೂ. ಇವತ್ತು ಅಡುಗೆ ಏನು ಮಾಡಬೇಕೂಂತಿದ್ದೆ, ಅದನ್ನೇ ಹೇಳು. ಒಲೆ ಹಚ್ಚೋದರಿಂದ ಹೇಳು. ಗಟ್ಟಿಯಾಗಿ. ನಾನು ಹೂಂ ಅನ್ನದೇ ಇದ್ರೂ ನಿಲ್ಲಿಸಬೇಡ."